ಸಂಜೆಯ ಬಾಯಿಪಾಠ

ನಂಜನಗೂಡಿನಲ್ಲಿ ಸಣ್ಣಮ್ಮನ ಬಾಯಿಗೆ ಒಂದು ಹೆಸರಿತ್ತು. ಹೊಳೆಗೆ ಹೋಗಿ ಬಟ್ಟೆ ಒಗೆದು ಬರುವಷ್ಟರಲ್ಲಿ ಒಗೆಯುವ ಕಲ್ಲಿಗೂ ಮನೆ ಕತೆ ಹೇಳಿ ಮುಗಿಸಿರುತ್ತಾಳೆ ಅಂತ ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಹಾಗೆ ಆಡಿಕೊಂಡವರ ಮಕ್ಕಳೆಲ್ಲ ಮಾತು ಕಲಿತದ್ದು ಅವಳ ಕಾಲ ಮೇಲೆಯೇ. ಕೂಸಿಗೆ ಎಣ್ಣೆ ತೀಡಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡು ಬಿಸಿನೀರು ಹುಯ್ಯುವಾಗ ಅವಳು ಬಾಯಿ ಮುಚ್ಚುತ್ತಲೇ ಇರಲಿಲ್ಲ. ಇದು ಬೆನ್ನು, ಇದು ಕಳ್ಳನ ಕಿವಿ, ಇದು ಅಪ್ಪನ ಮೂಗು, ನೀರು ಬಿಸಿಯಾಯ್ತಾ ಮಗಾ, ಆಯ್ತಾ, ಅಳ್ತೀಯಾ, ಅಳು, ಗಂಟಲು ಬಿಡ್ತದೆ. ಕೂಸು ಏನೂ ತಿಳಿಯದೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಕೂಸು ಬಾಯಿ ಬಿಡೋಕೆ ಮುಂಚೆ ಒಂದು ವರ್ಷ ಕಿವೀಲೇ ಬದುಕ್ತದೆ ಕಣವ್ವ" ಅಂತ ಬಾಣಂತಿಯರಿಗೆ ಹೇಳುತ್ತಿದ್ದಳು. "ನೀನು ಸುರೀತಾ ಇರು. ತುಂಬಿದ ದಿನ ಅದೇ ಚೆಲ್ತದೆ."

ಚಂದ್ರಶೇಖರ ಮೇಷ್ಟ್ರ ಮನೆಗೆ ಅವಳು ಕೆಲಸಕ್ಕೆ ಬಂದದ್ದು ಇಪ್ಪತ್ತೊಂದನೇ ವಯಸ್ಸಿಗೆ, ಗಂಡ ಸತ್ತ ಮೂರನೇ ತಿಂಗಳಿಗೆ. ಮಕ್ಕಳಿರಲಿಲ್ಲ. ಮೇಷ್ಟ್ರ ಒಬ್ಬನೇ ಮಗ ಶ್ರೀನಾಥನನ್ನು ಹೆತ್ತದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವಳೇ ಮಾಡಿದಳು. ಅವನ ಮೊದಲ ಮಾತು "ತಾ", ಎರಡನೆಯದು "ಸಮ್ಮ". ಸಮ್ಮ ಅಂದರೆ ಸಣ್ಣಮ್ಮ. ಹೆತ್ತ ತಾಯಿಯ ಸರದಿ ಮೂರನೆಯದು. ಇದನ್ನು ಹೇಳಿಕೊಂಡು ಅವಳು ಆಮೇಲೆ ನಲವತ್ತು ವರ್ಷ ಮೆರೆದಳು.

ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಬಾಯಿಪಾಠ. ಹುಡುಗ ಮಣೆಯ ಮೇಲೆ ನಿಂತು, ಕೈ ಕಟ್ಟಿ, ಕಣ್ಣು ಮುಚ್ಚಿ ಮಗ್ಗಿ, ಶ್ಲೋಕ, ವಾರ, ನಕ್ಷತ್ರ ಎಲ್ಲ ಒಪ್ಪಿಸಬೇಕು. ಎಲ್ಲಿ ತಡವರಿಸಿದನೋ ಅಲ್ಲಿಗೆ ಮೇಷ್ಟ್ರ ರೂಲುದೊಣ್ಣೆ ಬೆರಳ ಗಿಣ್ಣಿನ ಮೇಲೆ ಬೀಳುತ್ತಿತ್ತು. ಆಮೇಲೆ ಅಡುಗೆಮನೆಯಲ್ಲಿ ಅವನ ಊದಿದ ಬೆರಳಿಗೆ ಕೊಬ್ಬರಿ ಎಣ್ಣೆ ಸವರುತ್ತ ಸಣ್ಣಮ್ಮ ಹೇಳುತ್ತಿದ್ದ ಮಾತು ಒಂದೇ. "ಸರಿಯಾಗಿ ಒಪ್ಪಿಸ್ಬುಡು ಮಗಾ. ಹೊಡೆಯೋರು ಒಳ್ಳೇದಕ್ಕೇ ಹೊಡೀತಾರೆ." ಈ ಮಾತನ್ನು ಅವಳು ಎಷ್ಟು ಸಲ ಹೇಳಿದಳೋ ದೇವರಿಗೇ ಗೊತ್ತು. ಹುಡುಗ ಅದನ್ನೂ ಬಾಯಿಪಾಠ ಮಾಡಿಕೊಂಡ.

ಮೇಷ್ಟ್ರು ಹೋದರು, ಅವರ ಹೆಂಡತಿಯೂ ಹೋದರು. ಸಣ್ಣಮ್ಮನಿಗೆ ಅರವತ್ತೆರಡು ತುಂಬಿ, ಮೇಲಿನ ಎರಡು ಮುಂಬಲ್ಲು ಉದುರಿ, ತಂಗಿಯ ಮನೆ ಜಗುಲಿಯಲ್ಲಿ ಮಾತಾಡಿಕೊಂಡು ಕೂತಿದ್ದಾಗ ಶ್ರೀನಾಥ ಚೆನ್ನೈನಿಂದ ತಾನೇ ಕಾರು ಓಡಿಸಿಕೊಂಡು ಬಂದ. ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ತಪಾಸಣೆಯ ಮುಖ್ಯಸ್ಥ ಅವನು. ಬೆಳಿಗ್ಗೆಯಿಂದ ಸಂಜೆವರೆಗೆ ತಪ್ಪು ಹುಡುಕುವುದೇ ಕೆಲಸ. "ಸಣ್ಣಮ್ಮ, ಮಗುಗೆ ಎರಡೂಕಾಲು ವರ್ಷ ಆಯ್ತು. ಒಂದು ಮಾತಿಲ್ಲ. ನೀನು ಬಂದು ಮಾತು ಕಲಿಸು" ಅಂದ. ಅಂದವನ ಕಣ್ಣಲ್ಲಿ ನೀರಿತ್ತು. ಸಣ್ಣಮ್ಮ ಆ ಕ್ಷಣಕ್ಕೇ ಎರಡು ಸೀರೆ ಗಂಟು ಕಟ್ಟಿದಳು.

ಚೆನ್ನೈನ ಪೋರೂರು ಕೆರೆ ಕಾಣುವ ಮೂರನೇ ಮಹಡಿಯ ಮನೆ. ಮಗುವಿನ ಹೆಸರು ಸುಘೋಷ. ಒಳ್ಳೇ ದನಿ ಅಂತ ಅರ್ಥವಂತೆ. ನೋಡಲು ದುಂಡುದುಂಡಗೆ ಇತ್ತು, ಕರೆದರೆ ತಿರುಗುತ್ತಿತ್ತು, ನಗುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಾಯಿ ರಂಜನಿ ಮಾಧವರಂನ ಹುಡುಗಿ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆ. ಅವಳ ಕನ್ನಡದಲ್ಲಿ ಉಪ್ಪಿನ ಹಾಗೆ ತಮಿಳು ಬೆರೆತಿತ್ತು. ಮೊದಲ ದಿನವೇ ಬಾಗಿಲಲ್ಲಿ ಕೈ ಹಿಡಿದು, "ಬನ್ನಿ ಸಣ್ಣಮ್ಮ, ಕೊಂಜ ತಣ್ಣಿ ಕುಡೀತೀರಾ?" ಅಂತ ಕೇಳಿದಳು. ಹಿಂದೆ ನಿಂತಿದ್ದ ಶ್ರೀನಾಥನ ಮುಖ ಕಪ್ಪಿಟ್ಟಿತು. ರಂಜನಿ ತಕ್ಷಣ, "ಸ್ವಲ್ಪ ನೀರು, ನೀರು" ಅಂತ ತಿದ್ದಿಕೊಂಡಳು. ಸಣ್ಣಮ್ಮನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಆ ಮನೆಗೊಂದು ಕಟ್ಟಳೆ ಇತ್ತು. ಅಡ್ಯಾರಿನ ಡಾಕ್ಟರೊಬ್ಬರು ಮಗುವನ್ನು ನೋಡಿ, ಕಿವಿ ಚೆನ್ನಾಗಿದೆ, ಯಾವ ಭಾಷೆಯಾದರೂ ಸರಿ, ಎರಡಾದರೂ ಸರಿ, ನಗುನಗುತ್ತ ಮಗುವಿನ ಹತ್ತಿರ ಮಾತಾಡಿ, ಮನೆ ಶಾಂತವಾಗಿರಲಿ ಅಂದಿದ್ದರಂತೆ. ಶ್ರೀನಾಥ ಅದಷ್ಟನ್ನೂ ಕೇಳಿಸಿಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ತನ್ನದೇ ತೀರ್ಪು ಬರೆದುಬಿಟ್ಟಿದ್ದ. ಈ ಕಲಬೆರಕೆ ಮಾತೇ ಮಗುವಿನ ಬಾಯಿ ಕಟ್ಟಿದೆ, ಇನ್ನು ಮನೆಯಲ್ಲಿ ಶುದ್ಧ ಕನ್ನಡ, ಒಂದು ತಮಿಳು ಪದ ಕೇಳಿಸಕೂಡದು. ಅವನಿಗೆ ಯಾರು ಏನು ಹೇಳಿಯಾರು?

ಮೊದಲ ಸಂಜೆ ಆರೂವರೆಗೆ ಅವನು ಕಾಫಿ ಲೋಟ ಹಿಡಿದು ಕೂತು ಕೇಳಿದ. "ಇವತ್ತು ಏನೇನು ಮಾತು ನಡೀತು ಸಣ್ಣಮ್ಮ?"

ಕೇಳುವವರು ಸಿಕ್ಕರೆ ಸಣ್ಣಮ್ಮ ಬಿಡುವವಳೇ? ಮಗುವಿಗೆ ಸ್ನಾನ ಮಾಡಿಸಿದ್ದು, ಮಮ್ಮು ತಿನಿಸಿದ್ದು, ಗುಮ್ಮನ ಕತೆ ಹೇಳಿದ್ದು ಎಲ್ಲ ಹೇಳಿ, ಕೊನೆಗೆ ಕಣ್ಣರಳಿಸಿ, "ನಿನ್ನ ಹೆಂಡ್ತಿ ಮಾತು ಕೇಳೋಕೇ ಒಂದು ಚೆಂದ ಕಣಪ್ಪ. ನೀರಿಗೆ ತಣ್ಣಿ ಅಂತಾರೆ. ಊಟ ಮಾಡು ಅನ್ನೋಕೆ ಸಾಪ್ಪಿಡು ಅಂತಾರೆ" ಅಂತ ನಕ್ಕಳು.

ಶ್ರೀನಾಥ ಲೋಟ ಕೆಳಗಿಟ್ಟ. ರಂಜನಿಯಿದ್ದ ಅಡುಗೆಮನೆಗೆ ನಡೆದ. ಎರಡು ಏಟಿನ ಸದ್ದು ಬಂತು, ಮಧ್ಯೆ ಒಂದು ಉಸಿರಿನಷ್ಟು ಬಿಡುವು. ಎರಡು ಪದಕ್ಕೆ ಎರಡು. ಅವನು ತಿರುಗಿ ಬಂದು ಕೂತು ಉಳಿದ ಕಾಫಿ ಕುಡಿದ. ಸಣ್ಣಮ್ಮನ ನಗು ಅವಳ ಮುಖದ ಮೇಲೇ ಸತ್ತು ಕೂತಿತ್ತು. ನಲವತ್ತು ವರ್ಷದಲ್ಲಿ ಅವಳ ಬಾಯಿಂದ ಬಿದ್ದ ಮಾತು ಒಬ್ಬರ ಕೆನ್ನೆಯ ಮೇಲೆ ಹೋಗಿ ಬಿದ್ದದ್ದು ಅದೇ ಮೊದಲು.

ಮಾರನೆಯ ದಿನದಿಂದ ಅದಕ್ಕೊಂದು ಹೆಸರೂ ಬಂತು. ದೇವರ ಮುಂದೆ ದೀಪ ಹಚ್ಚಿ, ಶ್ರೀನಾಥ ಸೋಫಾದ ಮೇಲೆ ಕೂತು, "ಬಾಯಿಪಾಠ ಒಪ್ಪಿಸು ಸಣ್ಣಮ್ಮ" ಅನ್ನುತ್ತಿದ್ದ. ಅಪ್ಪನ ದನಿಯೇ. ಆ ದಿನ ರಂಜನಿಯ ಬಾಯಿಂದ ಬಂದ ತಮಿಳು ಪದಗಳನ್ನು ಸಣ್ಣಮ್ಮ ಒಪ್ಪಿಸಬೇಕು. ಎರಡನೇ ಸಂಜೆ ಅವಳು ಏನೂ ಇಲ್ಲ ಅಂದಳು. ಶ್ರೀನಾಥ ಫೋನು ತೆಗೆದ. ಮಗುವನ್ನು ನೋಡಿಕೊಳ್ಳಲು ಅಂತ ಹಾಲಿನ ಮೂಲೆಯಲ್ಲಿ ಹಾಕಿಸಿದ್ದ ಕ್ಯಾಮೆರಾದಲ್ಲಿ ರಂಜನಿ, "ಇಂಗೆ ವಾ ಕಣ್ಣೇ" ಅಂತ ಮಗುವನ್ನು ಕರೆಯುವುದು ಸ್ವಚ್ಛವಾಗಿ ಕೇಳಿಸಿತು. ಬಾ ಕಂದ ಅಂದದ್ದು, ಅಷ್ಟೇ. ಅವನು ರಂಜನಿಯ ಕೈ ಹಿಡಿದು ಕಿರುಬೆರಳನ್ನು ಹಿಂದಕ್ಕೆ ಮಡಚಿದ. ಲಟಕ್ ಅಂತು. "ಇದು ಅವಳ ಮಾತಿಗೆ. ಇದು ನಿನ್ನ ಸುಳ್ಳಿಗೆ" ಅಂದು ಪಕ್ಕದ ಬೆರಳನ್ನೂ ಮಡಚಿದ. ರಂಜನಿ ಗೋಡೆಗೆ ಹಣೆ ಒತ್ತಿಕೊಂಡು, "ವಲಿಕ್ಕುದು, ವಲಿಕ್ಕುದು" ಅಂದಳು. ನೋಯ್ತಿದೆ ಅಂತ. ಅವನು ಅದನ್ನೂ ಕೇಳಿಸಿಕೊಂಡು, "ಅದು ನಾಳೆಯ ಪಾಠಕ್ಕೆ" ಅಂದ.

ಕೇಳಿದಿರಾ? ಏಟು ತಿನ್ನುವಾಗ ಹೊರಟ ನರಳಿಕೆಗೆ ಮಾರನೆಯ ದಿನ ಇನ್ನೊಂದು ಏಟು. ನೋವಿನಲ್ಲಿ ಯಾರ ಬಾಯಲ್ಲೂ ಬರುವುದು ಅವರು ತೊಟ್ಟಿಲಲ್ಲಿ ಕೇಳಿದ ಮಾತೇ. ಅದಕ್ಕೆ ಅವಳೇನು ಮಾಡಬೇಕಿತ್ತು?

ಹೀಗೆ ಸಣ್ಣಮ್ಮ ಬಲೆಯಲ್ಲಿ ಬಿದ್ದಳು. ಹೇಳಿದರೆ ಒಂದು, ಮುಚ್ಚಿಟ್ಟರೆ ಎರಡು. ದಿನವೆಲ್ಲ ರಂಜನಿಯ ಹಿಂದೆ ಹಿಂದೆ ಹೋಗಿ, "ಅಮ್ಮಯ್ಯ, ಬಾಯಿ ಮುಚ್ಕೊಳಿ, ನಿಮ್ಮ ದಮ್ಮಯ್ಯ" ಅಂತ ಬೇಡಿಕೊಳ್ಳುತ್ತಿದ್ದಳು. ರಂಜನಿಯೂ ತುಟಿ ಹೊಲಿದುಕೊಂಡವಳಂತೆ ಓಡಾಡುತ್ತಿದ್ದಳು. ಆದರೂ ಹಾಲು ಉಕ್ಕಿದಾಗ, ಮಗು ಎಡವಿದಾಗ ಒಂದು ಪದ ಜಾರಿಬಿಡುತ್ತಿತ್ತು. ಸಣ್ಣಮ್ಮ ಅದನ್ನು ಸಂಜೆವರೆಗೆ ಬಾಯೊಳಗೆ ಕೆಂಡದ ಹಾಗೆ ಇಟ್ಟುಕೊಂಡು, ಹೆಚ್ಚೂ ಆಗದೆ ಕಮ್ಮಿಯೂ ಆಗದೆ ಒಪ್ಪಿಸುತ್ತಿದ್ದಳು. ಪೋದುಂ, ಸಾಕು ಅನ್ನುವುದಕ್ಕೆ. ಅದರ ಗುರುತು ಬಿಸಿ ಸೌಟಿನದು, ಮುಂಗೈ ಮೇಲೆ. ವಿಡುಂಗ, ಬಿಡಿ ಅನ್ನುವುದಕ್ಕೆ. ಅದು ಕೂದಲು ಕಿತ್ತು ಬಂದ ದಿನ. ಅಡಿಕ್ಕಾದೀಂಗ, ಹೊಡೀಬೇಡಿ ಅನ್ನುವುದಕ್ಕೆ. ಕೊಳಂದೆ ಪಾಕ್ಕುದು, ಮಗು ನೋಡ್ತಿದೆ ಅನ್ನುವುದಕ್ಕೆ. ಆ ದಿನ ಪಕ್ಕೆಗೆ ಒದ್ದಿದ್ದ, ರಂಜನಿ ನಾಲ್ಕು ದಿನ ಬಗ್ಗಿಯೇ ನಡೆದಳು.

ಅಡುಗೆಮನೆಯಲ್ಲಿ ಸಣ್ಣಮ್ಮ ಆ ಬೆರಳುಗಳಿಗೆ ಬಟ್ಟೆ ಸುತ್ತಿ, ಎಣ್ಣೆ ಸವರುತ್ತಿದ್ದಳು. ಒಂದು ದಿನ, "ಹೊಡೆಯೋರು ಒಳ್ಳೇದಕ್ಕೇ" ಅಂತ ಬಾಯಿ ತನ್ನಷ್ಟಕ್ಕೆ ತಾನೇ ಶುರುಮಾಡಿತು. ಅಷ್ಟಕ್ಕೇ ನಿಂತಿತು. ಈ ಮಾತನ್ನು ಈ ಮನೆಗೆ ತಂದವಳು ತಾನೇ ಅಂತ ಅವಳಿಗೆ ಹೊಳೆದದ್ದು ಆಗ. ಎಣ್ಣೆ ಬಟ್ಟಲನ್ನು ಸಿಂಕಿನಲ್ಲಿ ಬೋರಲು ಹಾಕಿದಳು.

"ನಾನು ಊರಿಗೆ ಹೋಗ್ತೀನಿ ಅಮ್ಮಯ್ಯ. ನನ್ನ ಬಾಯಿ ಇಲ್ಲದಿದ್ರೆ ನಿಮಗೆ ಏಟೂ ಇಲ್ಲ."

"ಹೋಗಬೇಡಿ" ಅಂದಳು ರಂಜನಿ. "ನೀವು ಬರೋ ಮುಂಚೇನೂ ಇತ್ತು. ಆಗ ಮಗುವನ್ನು ಎತ್ತಿಕೊಳ್ಳೋಕೆ ಯಾರೂ ಇರಲಿಲ್ಲೆ. ಅವನಿಗೆ ಒಂದೇ ಒಂದು ಮಾತು ಬಂದುಬಿಡಲಿ ಸಣ್ಣಮ್ಮ. ಬಂದುಬಿಟ್ಟರೆ ಇವರು ನಿಲ್ಲಿಸ್ತಾರೆ. ಮಾತಿಲ್ಲದ ಮಗುವನ್ನ ಇವರ ಕೈಯಲ್ಲಿ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಕರಕೊಂಡು ಹೋದರೆ ಕಿತ್ತುಕೊಳ್ತೀನಿ ಅಂದಿದಾರೆ."

ಮಾಧವರಂನಲ್ಲಿದ್ದ ತಾಯಿ ಜಯಲಕ್ಷ್ಮಿಗೆ ಅವಳು ಏನೂ ಹೇಳಿರಲಿಲ್ಲ. ಫೋನಿನಲ್ಲಿ ಮಾತಾಡಿದರೆ ತಮಿಳು ಬರುತ್ತದೆ, ಅದಕ್ಕೆ ಫೋನೇ ಇಲ್ಲ. ಆಕೆ ಎರಡು ಸಲ ಬಂದಾಗ ಮನೆಗೆ ಹೊರಗಿನಿಂದ ಬೀಗವಿತ್ತು, ಒಳಗಿದ್ದದ್ದು ರಂಜನಿ.

ಅಂತೂ ಎಲ್ಲವೂ ಆ ಮಗುವಿನ ಬಾಯಿಗೆ ಬಂದು ನಿಂತಿತು. ಅದು ಬಾಯಿ ಬಿಟ್ಟರೆ ತಾಯಿ ಉಳಿಯುತ್ತಾಳೆ. ಸಣ್ಣಮ್ಮ ಸೆರಗು ಕಟ್ಟಿ ನಿಂತಳು. ಎದ್ದಾಗಿನಿಂದ ಮಲಗುವವರೆಗೆ ಸುರಿದಳು. ಜೀಜಿ ಅಂದಳು, ತಾಚಿ ಅಂದಳು, ಕಾಗೆ ಅಂದಳು, ಕೆರೆ ತೋರಿಸಿದಳು. ಗಂಟಲು ಬಿದ್ದುಹೋದರೂ ಪಿಸುಗುಟ್ಟಿಕೊಂಡೇ ಮಾತಾಡಿದಳು. ಮಗು ಕೇಳುತ್ತಿತ್ತು, ನಗುತ್ತಿತ್ತು, ಎದ್ದು ಹೋಗುತ್ತಿತ್ತು. ಭಾನುವಾರ ಶ್ರೀನಾಥನೂ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಳೆಹಣ್ಣು ಹಿಡಿದು, "ಅಪ್ಪ ಅನ್ನು ಕಂದ. ಅಪ್ಪ" ಅನ್ನುತ್ತಿದ್ದ. ಹತ್ತನೇ ಸಲಕ್ಕೆ ದನಿ ಬಿಗಿಯಾಗುತ್ತಿತ್ತು, ಇಪ್ಪತ್ತನೇ ಸಲಕ್ಕೆ ಮಗು ಅವನ ತೊಡೆಯ ಮೇಲೆ ಉಚ್ಚೆ ಹುಯ್ದುಕೊಳ್ಳುತ್ತಿತ್ತು. ಮಗುವಿನ ಮೇಲೆ ಅವನು ಕೈ ಎತ್ತಲಿಲ್ಲ. ಅದರ ಸಿಟ್ಟನ್ನೂ ಅಡುಗೆಮನೆಯಲ್ಲೇ ತೀರಿಸಿಕೊಂಡ.

ಒಂದು ಹೊತ್ತು ಮಾತ್ರ ಮಗು ಅಲುಗಾಡುತ್ತಿರಲಿಲ್ಲ. ಸಂಜೆ ಆರೂವರೆಗೆ ತನ್ನ ಪುಟ್ಟ ಮಣೆಯನ್ನು ತಾನೇ ಎಳೆದುಕೊಂಡು ಬಂದು ಹಾಲಿನ ನಡುವೆ ಕೂರುತ್ತಿತ್ತು. ಅದು ಮೇಷ್ಟ್ರ ಮನೆಯ ಹಳೇ ಹಲಸಿನ ಮಣೆ, ಶ್ರೀನಾಥ ನಿಂತು ಒಪ್ಪಿಸುತ್ತಿದ್ದದ್ದೇ. ಮಗು ಸಣ್ಣಮ್ಮನ ಬಾಯಿ ನೋಡುತ್ತಿತ್ತು. ಆಮೇಲೆ ಅಪ್ಪನ ಮುಖ. ಆಮೇಲೆ ಅಮ್ಮ. ಇಡೀ ದಿನದಲ್ಲಿ ಮೂರೂ ಜನ ಒಂದು ಮಾತಿಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು ಆ ಹೊತ್ತಿನಲ್ಲೇ ತಾನೆ? ಕಾಗೆ ಅಂದರೆ ಯಾರು ತಿರುಗುತ್ತಾರೆ? "ಅಮ್ಮಯ್ಯ ತಣ್ಣಿ ಅಂದ್ರು" ಅಂದರೆ ಮನೆಗೆ ಮನೆಯೇ ಎದ್ದು ನಿಲ್ಲುತ್ತದೆ. ಒಂದು ಸಂಜೆ ಸಣ್ಣಮ್ಮ ಒಪ್ಪಿಸುವಾಗ ಅದರ ತುಟಿ ಅವಳ ತುಟಿಯ ಜೊತೆಗೇ ಅಲುಗಿದ್ದನ್ನು ಅವಳು ಕಂಡಳು. ಮಾತು ಬರುವ ಹಾಗಿದೆ ಅಂತ ಹಿಗ್ಗಿದಳು. ಯಾವ ಮಾತು ಬರುತ್ತದೆ ಅಂತ ಯೋಚಿಸಲಿಲ್ಲ. ಏಳು ಮನೆಯ ಮಕ್ಕಳಿಗೆ ಮಾತು ಕಲಿಸಿದವಳಿಗೆ ಅದೊಂದು ತಲೆಗೆ ಹೋಗಲಿಲ್ಲ ನೋಡಿ.

ತಮಿಳರ ಆಡಿ, ಅಂದರೆ ನಮ್ಮ ಆಷಾಢ, ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ರಂಜನಿ ಒಲೆಯಿಂದ ಇಳಿಸಿದ ಕುಕ್ಕರಿನ ಕಡೆ ಮಗು ಕೈ ಚಾಚಿತು. "ತೊಡಾದೆ" ಅಂತ ರಂಜನಿ ಚೀರಿ ಅದರ ಕೈ ಹಿಡಿದೆಳೆದಳು. ಮುಟ್ಟಬೇಡ ಅಂತ. ಮಗುವಿನ ಕೈ ಉಳಿಯಿತು. ಇಬ್ಬರು ಹೆಂಗಸರೂ ಮೊದಲು ಮಾಡಿದ ಕೆಲಸ ಹಾಲಿನ ಮೂಲೆಗೆ ಹೋಗಿ ಕ್ಯಾಮೆರಾ ನೋಡಿದ್ದು. ಅದರ ಕೆಂಪು ದೀಪ ಆರಿತ್ತು. ಸಣ್ಣಮ್ಮ ಎದೆ ಮುಟ್ಟಿಕೊಂಡು, "ಬದುಕಿದ್ವಿ ಕಣವ್ವ. ಇವತ್ತು ಏನೂ ಇಲ್ಲ" ಅಂದಳು. ಎಷ್ಟೋ ದಿನಕ್ಕೆ ರಂಜನಿ ನಕ್ಕಳು.

ಸಂಜೆ ದೀಪ ಹಚ್ಚಿದ್ದಾಯಿತು. ಸಣ್ಣಮ್ಮ ಕೈ ಕಟ್ಟಿ ನಿಂತು, "ಇವತ್ತು ಏನೂ ಇಲ್ಲ" ಅಂದಳು.

"ಏನೂ ಇಲ್ವಾ?"

"ಇಲ್ಲ ಮಗಾ. ದೇವರಾಣೆ."

ಆಗ ಮಣೆಯ ಮೇಲೆ ಕೂತಿದ್ದ ಸುಘೋಷ ಎದ್ದು ನಿಂತ. ಪುಟ್ಟ ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡ. ಕಣ್ಣು ಮುಚ್ಚಿದ. "ಅಮ್ಮ ತೊಡಾದೆ ಅಂದ್ಲು" ಅಂದ.

ಎಂಥ ಸ್ಪಷ್ಟ ದನಿ ಅಂತೀರಿ. ಒಂದು ಅಕ್ಷರ ತೊದಲಲಿಲ್ಲ. ರಂಜನಿ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ನಗುತ್ತ, ಅಳುತ್ತ, ಮಗುವಿನ ಮುಂದೆ ಮಂಡಿಯೂರಿದಳು. ಮಗುವಿಗೆ ಮಾತು ಬಂದಿತ್ತು. ಅವಳು ಕಾದಿದ್ದ ದಿನ ಬಂದಿತ್ತು. ಗಂಡ ಎದ್ದು ಬರುವುದನ್ನು ಕಂಡು, ಇವನೂ ಮಗುವನ್ನು ಎತ್ತಿಕೊಳ್ಳಲು ಬಂದ ಅಂತ ಅವಳು ಜಾಗ ಬಿಟ್ಟು ಸರಿದಳು. ಶ್ರೀನಾಥ ಮಗುವನ್ನು ಮಣೆಯಿಂದ ಎತ್ತಿ ಪಕ್ಕಕ್ಕೆ ನಿಲ್ಲಿಸಿದ, ಮೆಲ್ಲಗೆ, ತಲೆ ಸವರಿ. ಆಮೇಲೆ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಬಾಯಿಯ ಮೇಲೆ ಹೊಡೆದ.

ಹಲಸಿನ ಮಣೆ. ಮೂಳೆ ಮುರಿದ ಸದ್ದು ಸಣ್ಣಮ್ಮನ ಹಲ್ಲಿಗೆ ತಾಗಿತು. ರಂಜನಿ ಮಗ್ಗುಲಿಗೆ ಬಿದ್ದಳು, ಬಾಯಿಂದ ರಕ್ತ ಗಳಗಳ ಸುರಿದು ನೆಲದ ಮೇಲೆ ಎರಡು ಹಲ್ಲು ಉರುಳಿದವು. "ಮಗುವಿನ ಮೊದಲ ಮಾತನ್ನೇ ಹಾಳು ಮಾಡಿದೆಯಲ್ಲೇ" ಅನ್ನುತ್ತ ಅವನು ಮತ್ತೆ ಮಣೆ ಎತ್ತಿದ. ಮಗು ಅಪ್ಪನನ್ನೂ ನೋಡಿತು, ಅಮ್ಮನನ್ನೂ ನೋಡಿತು. ತನ್ನ ಮಾತಿಗೆ ಇಷ್ಟೆಲ್ಲ ಆಯಿತಲ್ಲ ಅಂತ ಅದಕ್ಕೆ ಗೊತ್ತಾಗಿತ್ತು. ಇನ್ನೂ ಜೋರಾಗಿ, ಶಾಭಾಸ್ ಕೇಳುವ ಹುಡುಗನ ಹಾಗೆ, ಮತ್ತೆ ಒಪ್ಪಿಸಿತು. "ಅಮ್ಮ ತೊಡಾದೆ ಅಂದ್ಲು. ಅಮ್ಮ ತೊಡಾದೆ ಅಂದ್ಲು."

ಎರಡನೇ ಏಟು ರಂಜನಿಯ ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಸಣ್ಣಮ್ಮ ಅಡ್ಡ ಬಂದಳು. ಅದು ಅವಳ ಬೆನ್ನಿಗೆ ಬಿತ್ತು. ಅವಳು ಕೂಗಲಿಲ್ಲ. ಕೂಗುವುದಕ್ಕೆ ಬಾಯಿ ಖಾಲಿ ಇರಲಿಲ್ಲ, ಅವನ ಬಲಗೈ ಮಣಿಕಟ್ಟು ಅದರೊಳಗಿತ್ತು. ತಾನೇ ಎಣ್ಣೆ ಸವರಿ ಬೆಳೆಸಿದ ಕೈ ಅದು. ಅವನು ಎಡಗೈಯಿಂದ ಅವಳ ತಲೆಗೆ ಗುದ್ದಿದ, ಕಿವಿಗೆ ಗುದ್ದಿದ, ಅವಳ ಕಣ್ಣು ಕತ್ತಲಿಟ್ಟಿತು, ಹಲ್ಲು ಮಾತ್ರ ಬಿಡಲಿಲ್ಲ. ಉಪ್ಪು ಉಪ್ಪು ರಕ್ತ ಗಂಟಲಿಗಿಳಿಯಿತು. ಮಣೆ ಬಿತ್ತು. ಅಷ್ಟರಲ್ಲಿ ಎದುರು ಮನೆಯವರು ಬಾಗಿಲು ಬಡಿಯುತ್ತಿದ್ದರು.

ಬಾಗಿಲು ತೆರೆದ ಶ್ರೀನಾಥ ಬೇರೆಯೇ ಮನುಷ್ಯ. ಕೈಗೆ ಟವೆಲು ಸುತ್ತಿಕೊಂಡು, ಬಾತ್‌ರೂಮಿನಲ್ಲಿ ಜಾರಿ ಬಿದ್ದಳು ಅಂತ ಒಳ್ಳೇ ತಮಿಳಿನಲ್ಲಿ ಹೇಳಿದ. ಹೊರಗೆ ಅವನಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ರಂಜನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಸಣ್ಣಮ್ಮನನ್ನು ಕನ್ನಡಿಯಲ್ಲೇ ನೋಡುತ್ತ, "ಏನಾಯ್ತು? ಒಪ್ಪಿಸು" ಅಂದ.

"ಬಾತ್‌ರೂಮಲ್ಲಿ ಬಿದ್ರು."

"ಇನ್ನೊಂದು ಸಲ."

ಆಸ್ಪತ್ರೆ ಬರುವವರೆಗೆ ಅವಳು ಅದನ್ನು ಐದು ಸಲ ಒಪ್ಪಿಸಿದಳು. ಮಗು ಅವಳ ಮಗ್ಗುಲಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿತ್ತು. ಅದನ್ನು ಕಂಡು ಆರನೇ ಸಲಕ್ಕೆ ಅವಳ ನಾಲಿಗೆ ಏಳಲಿಲ್ಲ.

ಪೋರೂರಿನ ಆ ಆಸ್ಪತ್ರೆಯಲ್ಲಿ ರಂಜನಿಯ ದವಡೆಯನ್ನು ತಂತಿ ಹಾಕಿ ಬಿಗಿದರು. ಬಿದ್ದದ್ದಲ್ಲ ಅಂತ ಡಾಕ್ಟರಿಗೆ ಅನುಮಾನ ಬಂದು ಪೊಲೀಸಿಗೆ ತಿಳಿಸಿದರು. ಬೆಳಿಗ್ಗೆ ಒಬ್ಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬಂದರು. ರಂಜನಿ ಮದ್ದಿನ ಮಂಪರಿನಲ್ಲಿದ್ದಳು, ಬಾಯಿ ಬಿಡುವ ಹಾಗೇ ಇರಲಿಲ್ಲ. ಶ್ರೀನಾಥ ಎಲ್ಲ ಹೇಳಿ ಮುಗಿಸಿದ. ಕೈಯ ಬ್ಯಾಂಡೇಜು ಏನು ಅಂದದ್ದಕ್ಕೆ ಗಾಜು ತಾಗಿತು ಅಂದ. ಆಕೆ ಬೆಂಚಿನ ಮೇಲೆ ಮಗುವನ್ನಿಟ್ಟುಕೊಂಡು ಕೂತಿದ್ದ ಮುದುಕಿಯ ಕಡೆ ತಿರುಗಿದರು.

"ಅವಳಿಗೆ ತಮಿಳು ಬರಲ್ಲ ಮೇಡಂ. ನಾನೇ ಕೇಳಿ ಹೇಳ್ತೀನಿ" ಅಂತ ಶ್ರೀನಾಥ ತಮಿಳಿನಲ್ಲಿ ಹೇಳಿ, ಸಣ್ಣಮ್ಮನಿಗೆ ಕನ್ನಡದಲ್ಲಿ, ಅದೇ ಸಂಜೆಯ ದನಿಯಲ್ಲಿ, "ಒಪ್ಪಿಸು" ಅಂದ.

ಸಣ್ಣಮ್ಮ ಮಗುವನ್ನು ಕೆಳಗಿಳಿಸಿ ಎದ್ದು ನಿಂತಳು. ಬೆನ್ನು ನೆಟ್ಟಗಾಗಲಿಲ್ಲ. ಕೈ ಕಟ್ಟಿದಳು. ಕಣ್ಣು ಮುಚ್ಚಲಿಲ್ಲ.

"ಬಾತ್‌ರೂಂ ಇಲ್ಲೆ" ಅಂದಳು, ತಮಿಳಿನಲ್ಲಿ. ಬಾತ್‌ರೂಂ ಅಲ್ಲ ಅಂತ. ಇನ್ನೊಬ್ಬರದನ್ನು ಒಪ್ಪಿಸದೆ ಅವಳು ತಾನಾಗಿ ಆಡಿದ ಮೊದಲ ತಮಿಳು ಮಾತು ಅದು. ಅವಳಿಗೆ ಗೊತ್ತಿದ್ದದ್ದು ಎಷ್ಟು? ಈ ಆರು ತಿಂಗಳಲ್ಲಿ ಸಂಜೆ ಸಂಜೆ ಒಪ್ಪಿಸಿದ ಪದಗಳಷ್ಟೇ. ಆದರೆ ಅವು ಒಂದೂ ಮರೆತಿರಲಿಲ್ಲ. "ತಣ್ಣಿ" ಅಂದಳು, ತನ್ನ ಕೆನ್ನೆಗೆ ತಾನೇ ಫಟ್ ಅಂತ ಹೊಡೆದುಕೊಂಡಳು. "ಸಾಪ್ಪಿಡು." ಇನ್ನೊಂದು ಕೆನ್ನೆಗೆ ಹೊಡೆದುಕೊಂಡಳು. "ಇಂಗೆ ವಾ" ಅಂದು ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ ತೋರಿಸಿದಳು. "ಪೋದುಂ" ಅಂದು ಮುಂಗೈ ಮುಂದೆ ಮಾಡಿ, ಹಾಸಿಗೆಯ ಮೇಲಿನ ರಂಜನಿಯ ಮುಂಗೈ ಕಡೆ ಬೆರಳು ಮಾಡಿದಳು. ಅಲ್ಲಿ ಸೌಟಿನ ಗುರುತಿತ್ತು. "ವಿಡುಂಗ." ತಲೆಗೂದಲು ಹಿಡಿದಳು. "ಅಡಿಕ್ಕಾದೀಂಗ. ವಲಿಕ್ಕುದು. ಕೊಳಂದೆ ಪಾಕ್ಕುದು." ಪಕ್ಕೆ ಹಿಡಿದು ಬಗ್ಗಿದಳು.

ಇನ್ಸ್‌ಪೆಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಸಣ್ಣಮ್ಮ, ಸಾಕು" ಅಂದ ಶ್ರೀನಾಥ.

"ಇನ್ನೂ ಅದೆ ಮಗಾ" ಅಂದಳು ಅವಳು, ಇದೊಂದನ್ನು ಕನ್ನಡದಲ್ಲಿ. "ಪೂರ್ತಿ ಒಪ್ಪಿಸಬೇಕು ಅಂತ ತಾನೆ ನಿಮ್ಮ ಮನೇಲಿ ಕಲಿಸಿದ್ದು."

ಆಮೇಲೆ "ತೊಡಾದೆ" ಅಂದಳು. ಎರಡೂ ಕೈಯಲ್ಲಿ ಇಲ್ಲದ ಮಣೆಯನ್ನು ಎತ್ತಿ ತನ್ನ ಬಾಯಿಯ ಮೇಲೆ ತಂದಳು. ಶ್ರೀನಾಥನ ಕಡೆ ಕೈ ತೋರಿಸಿ, "ಇವನ್. ಅಡಿ" ಅಂದಳು, ಇವನೇ ಹೊಡೆದದ್ದು ಅಂತ. ಕೊನೆಗೆ ತನ್ನ ಬಾಯಿ ದೊಡ್ಡದಾಗಿ ತೆರೆದು, ಮೇಲೆ ಎರಡು ಹಲ್ಲು ಹೋದ ಸಂದಿಯ ಮೇಲೆ ಬೆರಳಿಟ್ಟು, ಅವನ ಬ್ಯಾಂಡೇಜಿನ ಕಡೆ ತೋರಿಸಿದಳು. ಇನ್ಸ್‌ಪೆಕ್ಟರಮ್ಮ ನರ್ಸನ್ನು ಕರೆದು ಅದನ್ನು ಬಿಚ್ಚಿಸಿದರು. ಮಣಿಕಟ್ಟಿನ ಮೇಲೆ ಹಲ್ಲಿನ ಸಾಲು, ನಡುವೆ ಎರಡು ಹಲ್ಲಿನ ಜಾಗ ಖಾಲಿ.

ಶ್ರೀನಾಥನನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಹೋಗುವಾಗ ಅವನು ಒಂದು ಸಲ ತಿರುಗಿ ಸಣ್ಣಮ್ಮನನ್ನು ನೋಡಿದ. ಗಿಣ್ಣಿಗೆ ಪೆಟ್ಟು ಬಿದ್ದ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅದೇ ನೋಟ. ಸಣ್ಣಮ್ಮನ ಕರುಳು ಕಿತ್ತು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಕೂತಲ್ಲಿಂದ ಏಳಲಿಲ್ಲ.

ಕೇಸು ಈಗಲೂ ನಡೆಯುತ್ತಿದೆ. ರಂಜನಿ, ಮಗು, ಸಣ್ಣಮ್ಮ ಮೂವರೂ ಮಾಧವರಂನಲ್ಲಿ ಜಯಲಕ್ಷ್ಮಿಯ ಮನೆಯಲ್ಲಿದ್ದಾರೆ. ಆ ಸಂಜೆಯ ನಂತರ ಸುಘೋಷ ಮತ್ತೆ ಬಾಯಿ ಮುಚ್ಚಿಬಿಟ್ಟಿದ್ದ. ಆರೂವರೆಯಾದರೆ ಮಣೆ ಹುಡುಕುತ್ತಿದ್ದ. ಸಣ್ಣಮ್ಮ ಬೇಕೆಂದೇ ಆ ಹೊತ್ತಿಗೆ ಅವನನ್ನು ಮಹಡಿಗೆ ಕರೆದುಕೊಂಡು ಹೋಗಿ ಗಿಣಿ ತೋರಿಸುತ್ತಿದ್ದಳು. ಈಗ ಅವಳು ಮೊದಲಿನಷ್ಟು ಮಾತಾಡುವುದಿಲ್ಲ. ಒಂದು ಮಾತು ಆಡುವ ಮುಂಚೆ ಮಗುವಿನ ಮುಖ ನೋಡುತ್ತಾಳೆ.

ಐದನೇ ವಾರ, ಒಂದು ಮಧ್ಯಾಹ್ನ. ದವಡೆಗೆ ತಂತಿ ಬಿಗಿದಿದ್ದ ರಂಜನಿ ಮಂಚದ ಮೇಲೆ ಕೂತು ಗಂಟಲು ಮುಟ್ಟಿ ತೋರಿಸಿದಳು. ಜಯಲಕ್ಷ್ಮಿ ಹೂ ಕಟ್ಟುತ್ತಿದ್ದರು, ಸಣ್ಣಮ್ಮ ಅಕ್ಕಿ ಆರಿಸುತ್ತಿದ್ದಳು. ಇಬ್ಬರೂ ಕಾಣಲಿಲ್ಲ. ಕಂಡದ್ದು ಮಗು.

"ಅಮ್ಮಂಗೆ ತಣ್ಣಿ" ಅಂದಿತು.

ಅಂದದ್ದೇ ತಡ, ಕೈ ಕಟ್ಟಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಎರಡನ್ನೂ ಕಿವಿಯವರೆಗೆ ಎತ್ತಿ ನಿಂತುಬಿಟ್ಟಿತು. ಏಟು ಎಲ್ಲಿ ಬೀಳುತ್ತದೋ ಅಂತ ಕಾಯುತ್ತ.

ಸಣ್ಣಮ್ಮ ಮೊರ ಪಕ್ಕಕ್ಕಿಟ್ಟು ಎದ್ದಳು. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ, ಮಗುವಿನ ಕಟ್ಟಿದ ಕೈ ಮೆಲ್ಲಗೆ ಬಿಡಿಸಿ, ಅದರ ಕೈಗೇ ಕೊಟ್ಟಳು. "ಅಮ್ಮಂಗೆ ತಣ್ಣಿ. ತಗೊಂಡೋಗಿ ಕೊಡು ಕಂದ" ಅಂದಳು.

ಮಗು ಒಂದು ಕಣ್ಣು ತೆರೆದು ಎಲ್ಲರ ಮುಖ ನೋಡಿತು. ಮೆಲ್ಲಗೆ ನಡೆದುಹೋಗಿ ಲೋಟ ಕೊಟ್ಟಿತು. ರಂಜನಿ ತಂತಿಯ ಸಂದಿಯಲ್ಲೇ ಹೀರಿ ಹೀರಿ ಕುಡಿದಳು, ಅರ್ಧ ಸೆರಗಿನ ಮೇಲೆ ಚೆಲ್ಲಿತು. ಖಾಲಿ ಲೋಟ ಹಿಡಿದುಕೊಂಡು ಮಗು ಅದೇ ಮಾತನ್ನು ಇನ್ನೊಂದು ಸಲ ಅಂದಿತು, ಈ ಸಲ ಕಣ್ಣು ಬಿಟ್ಟುಕೊಂಡು.